ನರದ ಪರೀಕ್ಷೆ: ಶಾಕೋ, ಅಲ್ಟ್ರಾಸೌಂಡೋ, ಎಂಆರ್‌ಐಯೋ?

ಸಿಐಡಿಪಿ ಎಂಬ ನರದ ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯಲು ನಾನು ಮಾಡಿಸಿಕೊಂಡ ಪರೀಕ್ಷೆಗಳಲ್ಲಿ ನೋವಿಲ್ಲದೆ ಬೇಗ ಮುಗಿದದ್ದು ಅಲ್ಟ್ರಾಸೌಂಡ್. ಪರದೆ ನೋಡಿ ನನಗೂ ಒಂದಿಷ್ಟು ಅರ್ಥವಾದದ್ದು ಅದೊಂದೇ. ಆದರೂ ಮೊದಲು ಯಾವುದು ಅಂತ ಕೇಳಿದರೆ ಎನ್‌ಸಿಎಸ್ (ನರಕ್ಕೆ ಸಣ್ಣ ಶಾಕ್ ಕೊಟ್ಟು ಸಂಕೇತದ ವೇಗ ಅಳೆಯುವ ಪರೀಕ್ಷೆ) ಅಂತಲೇ ಹೇಳುತ್ತೇನೆ.

ದೇಹದ ರೋಗನಿರೋಧಕ ವ್ಯವಸ್ಥೆಯೇ ನರದ ಮಯಲಿನ್ ಹೊದಿಕೆಯ ಮೇಲೆ ತಿರುಗಿಬೀಳುವ ಕಾಯಿಲೆ ಸಿಐಡಿಪಿ. ಇದೇ ಜಾತಿಯ ಗಿಯನ್ ಬಾರೆ ಕಾಯಿಲೆ ಆದರೆ 4 ವಾರದೊಳಗೆ ತಾರಕಕ್ಕೇರುತ್ತದೆ, ಇದು 8 ವಾರ ದಾಟಿದರೂ ಬೆಳೆಯುತ್ತಲೇ ಇರುತ್ತದೆ. ಕಾಲಿನ ಶಕ್ತಿ ಕುಂದಿ ಬಿಎಂಟಿಸಿ ಬಸ್ಸು ಹತ್ತಲು ನಾನು ಕಂಬಿ ಹಿಡಿದು ಮೈ ಎಳೆದುಕೊಳ್ಳುವ ಹಾಗಾದಾಗ ‘ಮಂಡಿ ಸವೆದಿರಬೇಕು’ ಅಂದವರೇ ಜಾಸ್ತಿ.

ಎನ್‌ಸಿಎಸ್‌ನಲ್ಲಿ ಮಣಿಕಟ್ಟಿಗೊಂದು ಶಾಕ್, ಮೊಣಕೈಗೊಂದು ಶಾಕ್. ನಡುವಿನ ದೂರ, ತೆಗೆದುಕೊಂಡ ಸಮಯ ಲೆಕ್ಕ ಹಾಕಿದರೆ ವೇಗ ಸಿಗುತ್ತದೆ. ಕೈ ನರದಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು ಇರಬೇಕು. ಮಯಲಿನ್ ಕೆಟ್ಟರೆ ವೇಗ ಇಳಿಯುತ್ತದೆ, ಕೆಲವು ಕಡೆ ಸಂಕೇತ ದಾಟುವುದೇ ಇಲ್ಲ. ಕೈ ತಣ್ಣಗಿದ್ದರೂ ವೇಗ ಕಡಿಮೆ ತೋರುತ್ತದಂತೆ, ಅದಕ್ಕೇ ಟೆಕ್ನಿಷಿಯನ್ ಮೊದಲು ನನ್ನ ಕೈ ಬೆಚ್ಚಗೆ ಮಾಡಿದರು. ನರ ಹೇಗೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಇದನ್ನು ಮೀರಿಸುವ ಪರೀಕ್ಷೆ ಇಲ್ಲ. ಆದರೆ ನನ್ನ ಕಾಲುಗಳಿಂದ ಉತ್ತರವೇ ಬರಲಿಲ್ಲ. ಉತ್ತರವೇ ಇಲ್ಲದ ಮೇಲೆ ಕೆಟ್ಟದ್ದು ಹೊದಿಕೆಯೋ ಒಳಗಿನ ಎಳೆಯೋ ಹೇಳುವುದು ಹೇಗೆ? ಕುತ್ತಿಗೆಯಲ್ಲಿರುವ ನರದ ಬುಡವೂ ಶಾಕಿಗೆ ಸುಲಭಕ್ಕೆ ಸಿಗುವುದಿಲ್ಲ.

ಅಲ್ಲಿ ಕೈಹಿಡಿದದ್ದು ಅಲ್ಟ್ರಾಸೌಂಡ್. ಜೆಲ್ ಹಚ್ಚಿ ಪ್ರೋಬನ್ನು ಮಣಿಕಟ್ಟಿನಿಂದ ಕಂಕುಳವರೆಗೆ, ಆಮೇಲೆ ಕುತ್ತಿಗೆಯ ಪಕ್ಕಕ್ಕೆ ಜಾರಿಸುತ್ತಾರೆ. ಅಡ್ಡಕ್ಕೆ ನೋಡಿದರೆ ಒಳ್ಳೆಯ ನರ ಜೇನುಗೂಡಿನ ಹಾಗೆ ಕಾಣುತ್ತದೆ. ನನ್ನದು ಮಣಿಕಟ್ಟಿನಲ್ಲಿ ಸರಿಯಾಗಿತ್ತು, ತೋಳಿನಲ್ಲಿ ಊದಿ ಕಪ್ಪಗಿತ್ತು. 2021ರ ಯುರೋಪಿನ ಮಾರ್ಗಸೂಚಿಯಲ್ಲಿ ಅಳತೆಯೂ ಇದೆ: ಅಂಗೈಗೆ ಇಳಿಯುವ ಮೀಡಿಯನ್ ನರದ ಅಡ್ಡಕೊಯ್ತ ಮುಂಗೈಯಲ್ಲಿ 10 ಚದರ ಮಿಲಿಮೀಟರ್, ತೋಳಿನಲ್ಲಿ 13 ದಾಟಿದರೆ ಸಿಐಡಿಪಿ ಅನುಮಾನಕ್ಕೆ ಬಲ. ಎಷ್ಟು ಊದಿದೆ ಅನ್ನುವಷ್ಟೇ ಎಲ್ಲಿ ಊದಿದೆ ಅನ್ನುವುದೂ ಮುಖ್ಯ. ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆ ಆದರೆ ಮಣಿಕಟ್ಟಿನಲ್ಲಿ, ಕುಷ್ಠದಲ್ಲಿ ಹೆಚ್ಚಾಗಿ ಮೊಣಕೈ ಹತ್ತಿರದ ಅಲ್ನರ್ ನರದಲ್ಲಿ, ವಂಶಪಾರಂಪರ್ಯವಾಗಿ ಬರುವ ಶಾರ್ಕೋ ಮಾರಿ ಟೂತ್ ಎಂಬ ನರರೋಗದ ಮೊದಲ ಬಗೆಯಲ್ಲಿ ಉದ್ದಕ್ಕೂ ಒಂದೇ ಸಮನೆ. ಹಾಗಂತ ದಪ್ಪ ಒಂದನ್ನೇ ನಂಬಿ ಔಷಧಿ ಶುರುಮಾಡುವ ಹಾಗಿಲ್ಲ, ಸಣ್ಣಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದೂ ಅಲ್ಲ.

ಎಂಆರ್‌ಐ ನನಗೆ ಹೆಚ್ಚೇನೂ ಕೊಡಲಿಲ್ಲ. ಗದ್ದಲ, ಅಲುಗಾಡದೆ ಮಲಗುವ ಶಿಕ್ಷೆ, ದೊಡ್ಡ ಬಿಲ್ಲು. ಪ್ರೋಬಿಗೆ ಎಟುಕದ ಆಳದ ನರದ ಬೇರುಗಳನ್ನು (ಬೆನ್ನುಹುರಿಯಿಂದ ನರ ಹೊರಡುವ ಬುಡ), ಅದರಲ್ಲೂ ಸೊಂಟದವನ್ನು ತೋರಿಸುವುದು ಅದರ ಹೆಚ್ಚುಗಾರಿಕೆ. ದೊಡ್ಡವರಲ್ಲಿ ಅಲ್ಟ್ರಾಸೌಂಡ್ ಸಿಗದಿದ್ದರೆ ಅಥವಾ ಅದರಿಂದ ತಿಳಿಯದಿದ್ದರೆ ಮಾತ್ರ ಎಂಆರ್‌ಐ ಎನ್ನುತ್ತದೆ ಅದೇ ಮಾರ್ಗಸೂಚಿ. ಬೆನ್ನಿನಿಂದ ನೀರು ತೆಗೆದು ಪ್ರೋಟೀನ್ ನೋಡುವುದೂ ಆಯಿತು, ಅದು ಪೂರಕ ಸಾಕ್ಷಿ ಅಷ್ಟೆ.

ಬೆಂಗಳೂರಿನಲ್ಲಿ ತೊಂದರೆ ಯಂತ್ರದ್ದಲ್ಲ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಇರುವ ಸ್ಕ್ಯಾನಿಂಗ್ ಸೆಂಟರ್ ಬಡಾವಣೆಗೊಂದು ಸಿಗುತ್ತದೆ, ನರ ಅಳೆಯುವ ಕೈ ಸಿಗುವುದು ಕಷ್ಟ. ಒಂದು ಕಡೆ ಫೋನ್ ಮಾಡಿದರೆ ‘ನೀರು ಕುಡ್ಕೊಂಡು ಬನ್ನಿ ಸಾರ್’ ಅಂದರು! ಇನ್ನೊಂದು ಕಡೆ ನರ ಅಂದರೆ ರಕ್ತನಾಳ ಎಂದುಕೊಂಡು ರಕ್ತದ ಹರಿವು ನೋಡುವ ಡಾಪ್ಲರ್ ಬರೆದುಕೊಂಡರು. ನಿಮ್ಹಾನ್ಸ್‌ಗೆ ಹೊರಟರೆ ತಲೆ ಕೆಟ್ಟಿದೆಯಾ ಅಂತ ನೋಡುವ ನೆಂಟರು ಈಗಲೂ ಇದ್ದಾರೆ, ಅಲ್ಲಿ ನರರೋಗ ವಿಭಾಗ ಇರುವುದು ಅವರಿಗೆ ಗೊತ್ತೇ ಇಲ್ಲ.

ಹೀಗಾಗಿ ಬುಕ್ ಮಾಡುವಾಗಲೇ ಕೇಳಿಕೊಳ್ಳಿ: ಎರಡೂ ಕೈ, ಕುತ್ತಿಗೆಯ ಬೇರುಗಳು ಸೇರಿ ನರದ ಅಳತೆಯನ್ನು ಚದರ ಮಿಲಿಮೀಟರಿನಲ್ಲಿ ಬರೆದುಕೊಡುತ್ತೀರಾ? ಹೌದು ಅಂದರೆ ಎನ್‌ಸಿಎಸ್ ರಿಪೋರ್ಟ್ ಹಿಡಿದುಕೊಂಡೇ ಹೋಗಿ. ಎಲ್ಲಿ ಸಂಕೇತ ನಿಂತಿದೆ ಅಂತ ಗೊತ್ತಿದ್ದರೆ ಪ್ರೋಬ್ ಅಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ.