ಅಂಬಲಪಾಡಿಯ ಹಂಚಿನ ಮನೆಗೆ ಬಂದ ಫೈಬರ್, ಮನೆಯಲ್ಲೇ ಇದ್ದ 2012ರ ಲ್ಯಾಪ್‌ಟಾಪ್: ಎರಡು ಮಳೆಗಾಲ ಕಳೆದ ಮೇಲಿನ ವಿಮರ್ಶೆ

2023ರ ದೀಪಾವಳಿ ಕಳೆದ ವಾರದಲ್ಲಿ ಉಡುಪಿಯ ಅಂಬಲಪಾಡಿಯ ನಮ್ಮ ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿದೆವು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಯೋಜನೆ, ತಿಂಗಳಿಗೆ 599 ರೂಪಾಯಿ, ಶೇಕಡಾ 18 ಜಿಎಸ್‌ಟಿ ಸೇರಿದರೆ 707 ರೂಪಾಯಿಯ ಆಸುಪಾಸು. ಈಗ ಯಾರಾದರೂ ಕೇಳಿದರೆ ಸಂಪರ್ಕ ಚೆನ್ನಾಗಿದೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಮೊದಲ ಹತ್ತೊಂಬತ್ತು ದಿನ ನಾನು ಪಟ್ಟ ಪಾಡು ಬೇರೆಯೇ ಇತ್ತು. ಸಂಪರ್ಕವನ್ನು ಕಿತ್ತುಹಾಕಿಸುವ ಅರ್ಜಿಯನ್ನು ಬರೆದು ಮುಗಿಸಿದ್ದೆ, ಕಳುಹಿಸುವುದೊಂದೇ ಬಾಕಿ ಇತ್ತು. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಸಂಪರ್ಕ ತೆಗೆದುಕೊಳ್ಳುವವರಿಗೆ ಆ ದಿನಗಳ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅನ್ನಿಸುವುದರಿಂದ ಅದನ್ನೇ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಕೊಂಡದ್ದು 2012ರಲ್ಲಿ. ಮೂರನೆಯ ತಲೆಮಾರಿನ ಕೋರ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೇನೆ. ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ, ಶಾಲೆಗಳ ಸ್ಮರಣ ಸಂಚಿಕೆ, ಯಕ್ಷಗಾನ ಸಂಘಗಳ ಕರಪತ್ರ ಇವುಗಳ ಪುಟವಿನ್ಯಾಸ ನನ್ನ ಕೆಲಸ. ಹತ್ತಾರು ವರ್ಷಗಳ ಕಡತಗಳು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿವೆ, ಅವನ್ನು ತೆರೆಯುವ ವಿನ್ಯಾಸದ ತಂತ್ರಾಂಶವೂ ಅಷ್ಟೇ ಹಳೆಯದು. ಬೇರೆ ಯಂತ್ರದಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಆದ್ದರಿಂದ ಹೊಸದನ್ನು ಕೊಳ್ಳಿ ಎಂಬ ಸಲಹೆಯನ್ನು ಒಪ್ಪುವ ಸ್ಥಿತಿಯಲ್ಲಿ ನಾನಿರಲಿಲ್ಲ, ಈಗಲೂ ಇಲ್ಲ.

ಸಂಪರ್ಕ ಹಾಕಲು ಬಂದ ಹುಡುಗರು ಕೆಲಸದಲ್ಲಿ ಚುರುಕಿನವರು. ಕಂಬದಿಂದ ತೆಂಗಿನ ಮರಗಳ ನಡುವೆ ತಂತಿ ಎಳೆದು, ಚಾವಡಿಯ ಗೋಡೆಗೆ ರೂಟರ್ ಕೂರಿಸಿ, ತಮ್ಮ ಮೊಬೈಲಿನಲ್ಲಿ 98 ಎಂಬಿಪಿಎಸ್ ಬರುತ್ತಿರುವುದನ್ನು ತೋರಿಸಿ, ಒಂದು ಗಂಟೆಯೊಳಗೆ ಹೊರಟರು. ಲ್ಯಾಪ್‌ಟಾಪನ್ನು ಅವರು ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಆ ಸಂಜೆ ಲ್ಯಾಪ್‌ಟಾಪಿನಲ್ಲಿ ಹುಡುಕಿದಾಗ ರೂಟರಿನ ಹೆಸರೇ ಕಾಣಿಸಲಿಲ್ಲ. ಮರುದಿನ ಬೆಳಿಗ್ಗೆ ಕಾಣಿಸಿತು, ಕೂಡಿಕೊಂಡಿತು, ಆದರೆ ಪುಟಗಳು ತೆರೆಯಲಿಲ್ಲ. ಒಂದೊಂದು ಸಲ ತೆರೆದರೂ ವೇಗ 6ರಿಂದ 11 ಎಂಬಿಪಿಎಸ್ ದಾಟಲಿಲ್ಲ. ಅದೇ ಹೊತ್ತಿನಲ್ಲಿ ನನ್ನ ಹೆಂಡತಿಯ ಮೊಬೈಲಿನಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿದಾಗಲೆಲ್ಲ ರೂಟರನ್ನು ಆರಿಸಿ ಹಚ್ಚಿ ಎಂದರು. ಮಾಡಿದೆ. ಕೆಲವು ಸಲ ಸರಿಹೋಗುತ್ತಿತ್ತು, ಮರುದಿನ ಮತ್ತೆ ಅದೇ ಕತೆ. ನಾಲ್ಕನೆಯ ಕರೆಗೆ ನಿಮ್ಮ ಲ್ಯಾಪ್‌ಟಾಪ್ ಹಳೆಯದಾಯಿತು ಎಂದು ದೂರನ್ನು ಮುಗಿಸಿಬಿಟ್ಟರು. ನನಗೆ ನಿಜವಾಗಿ ನೋವಾದದ್ದು ಅಲ್ಲಿ. ಯಂತ್ರ ಹಳೆಯದು ಎನ್ನುವುದು ಅದರ ವಯಸ್ಸನ್ನು ಹೇಳುತ್ತದೆಯೇ ಹೊರತು ದೋಷ ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಹಾಗೆ ಹೇಳಬೇಕಾದರೆ ಮೊದಲು ಪರೀಕ್ಷೆ ಆಗಬೇಕು.

ಆ ಪರೀಕ್ಷೆಯನ್ನು ಕೊನೆಗೆ ನಾನೇ ಮಾಡಿದೆ. ಲ್ಯಾಪ್‌ಟಾಪನ್ನು ಚಾವಡಿಗೆ ತಂದು, ರೂಟರಿನ ಪೆಟ್ಟಿಗೆಯಲ್ಲೇ ಬಂದಿದ್ದ ಒಂದು ಮೀಟರ್ ಉದ್ದದ ನೆಟ್‌ವರ್ಕ್ ಕೇಬಲ್ಲಿನಿಂದ ನೇರವಾಗಿ ಜೋಡಿಸಿದೆ. ವೈಫೈ ಪೂರ್ತಿ ಬಂದ್ ಮಾಡಿ ವೇಗ ನೋಡಿದರೆ 94 ಎಂಬಿಪಿಎಸ್! ಈ ಲ್ಯಾಪ್‌ಟಾಪಿನ ಕೇಬಲ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ನದು. ದತ್ತಾಂಶದ ಪ್ರತಿ ಪೊಟ್ಟಣಕ್ಕೂ ವಿಳಾಸ ಮೊದಲಾದ ಹೊದಿಕೆ ಸೇರುವುದರಿಂದ ಅದರಲ್ಲಿ ಕೈಗೆ ಸಿಗುವುದು 94–95 ಮಾತ್ರ. ಅಂದರೆ ಹನ್ನೊಂದು ವರ್ಷದ ಯಂತ್ರ ತನ್ನ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತಿತ್ತು, ಫೈಬರೂ ಕೊಟ್ಟ ಮಾತಿನಷ್ಟು ಕೊಡುತ್ತಿತ್ತು. ಉಳಿದದ್ದು ಎರಡರ ನಡುವಿನ ಗಾಳಿ. (ಕಡತ ಇಳಿಸಿಕೊಳ್ಳುವಾಗ ಪರದೆಯ ಮೇಲೆ 11 ಎಂದು ಕಂಡರೆ ಗಾಬರಿಯಾಗಬೇಡಿ. ಅದು ಮೆಗಾಬೈಟ್ ಲೆಕ್ಕ. ಎಂಟರಿಂದ ಗುಣಿಸಿದರೆ ಮೆಗಾಬಿಟ್ ಸಿಗುತ್ತದೆ.)

ಹೆಸರು ಒಂದು ದಿನ ಕಾಣಿಸಿ ಒಂದು ದಿನ ಕಾಣಿಸದಿರುವುದಕ್ಕೆ ಕಾರಣ ಹುಡುಕಲು ಮೂರು ದಿನ ಹಿಡಿಯಿತು. ಮೊಬೈಲಿನಲ್ಲಿ ವೈಫೈ ಚಾನಲ್ ತೋರಿಸುವ ಒಂದು ಆ್ಯಪ್ ಹಾಕಿಕೊಂಡು, ಲ್ಯಾಪ್‌ಟಾಪಿಗೆ ಹೆಸರು ಕಂಡ ಹೊತ್ತು, ಕಾಣದ ಹೊತ್ತು, ಆಗ ರೂಟರ್ ಯಾವ ಚಾನಲ್ಲಿನಲ್ಲಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಕಾಣದ ಪ್ರತಿ ಸಲವೂ ಚಾನಲ್ 13 ಆಗಿತ್ತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ತರಂಗಗಳ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನಲ್‌ಗಳನ್ನು ಬಳಸಬಹುದು. ಆದರೆ ಅಮೆರಿಕದ ರೂಢಿಗೆ ಹೊಂದಿಸಿದ ಹಳೆಯ ವೈಫೈ ಕಾರ್ಡ್‌ಗಳು 1ರಿಂದ 11ರವರೆಗೆ ಮಾತ್ರ ಹುಡುಕುತ್ತವೆ, 12 ಮತ್ತು 13 ಅವುಗಳ ಪಾಲಿಗೆ ಇಲ್ಲವೇ ಇಲ್ಲ. ನಮ್ಮ ರೂಟರಿನಲ್ಲಿ ಚಾನಲ್ ಆಯ್ಕೆ ಸ್ವಯಂಚಾಲಿತವಾಗಿತ್ತು. ಆರಿಸಿ ಹಚ್ಚಿದಾಗಲೆಲ್ಲ ಅದು ಸುತ್ತಲಿನ ಮನೆಗಳ ಸಂಕೇತಗಳನ್ನು ನೋಡಿ ಹೊಸದಾಗಿ ಚಾನಲ್ ಆರಿಸಿಕೊಳ್ಳುತ್ತಿತ್ತು. 6 ಬಂದರೆ ನನ್ನ ಕೆಲಸ ಆಗುತ್ತಿತ್ತು, 13 ಬಂದರೆ ಇಲ್ಲ. ಗ್ರಾಹಕ ಸೇವೆಯವರ ಮದ್ದು ಕೆಲವೊಮ್ಮೆ ನಾಟಿದ್ದಕ್ಕೂ ಮರುದಿನ ಸೋತದ್ದಕ್ಕೂ ಇದೇ ಕಾರಣ. ಇದು ಅರ್ಥವಾದ ರಾತ್ರಿ ನಾನು ಎಷ್ಟು ಹಗುರಾದೆನೆಂದರೆ, ಬರೆದಿಟ್ಟಿದ್ದ ಅರ್ಜಿಯನ್ನು ಹರಿದುಹಾಕಿದೆ.

ಬ್ರೌಸರಿನಲ್ಲಿ ರೂಟರಿನ ಹೊಂದಾಣಿಕೆಯ ಪುಟಕ್ಕೆ ಹೋಗಿ ಮೂರು ಬದಲಾವಣೆ ಮಾಡಿದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿದ್ದುದನ್ನು ಬೇರೆ ಬೇರೆ ಮಾಡಿದೆ. ನನ್ನ ಕಾರ್ಡ್ 2.4 ಮಾತ್ರ ಬಲ್ಲದ್ದು, ಹೆಸರು ಬೇರೆಯಿದ್ದರೆ ಏನು ಕಾಣುತ್ತಿದೆ ಎಂಬ ಗೊಂದಲವಿಲ್ಲ. ಚಾನಲನ್ನು 6ಕ್ಕೆ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸ್ಥಿರಗೊಳಿಸಿದೆ. ಚಾನಲ್‌ಗಳ ನಡುವಿನ ಅಂತರ ಕೇವಲ 5 ಮೆಗಾಹರ್ಟ್ಸ್ ಆದ್ದರಿಂದ ಮೊದಲ ಹನ್ನೊಂದರಲ್ಲಿ ಒಂದರ ಮೇಲೊಂದು ಬೀಳದಂತೆ ಇರುವ ಮೂರು 1, 6, 11 ಮಾತ್ರ, ಅಕ್ಕಪಕ್ಕದ ಎರಡು ಮನೆಗಳು ಆಗಲೇ 1ನ್ನೂ 11ನ್ನೂ ಹಿಡಿದಿದ್ದವು. ಮೂರನೆಯದು ಭದ್ರತೆ. ವೈಫೈ ಭದ್ರತೆಯ ಹೊಸ ಪದ್ಧತಿಯಾದ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ನನ್ನ ಕಾರ್ಡ್ ಅದಕ್ಕಿಂತ ಆರು ವರ್ಷ ಹಳೆಯದು. ಅದನ್ನೂ ಹಿಂದಿನ ಡಬ್ಲ್ಯುಪಿಎ2ನ್ನೂ ಬೆರೆಸಿದ ಆಯ್ಕೆಯಲ್ಲಿ ಕಾರ್ಡ್ ತಡವರಿಸುತ್ತಿತ್ತು, ಬರೀ ಡಬ್ಲ್ಯುಪಿಎ2 ಮತ್ತು ಎಇಎಸ್ ಎಂಬ ಗೂಢಲಿಪಿ ವಿಧಾನ ಎಂದು ಇಟ್ಟ ಮೇಲೆ ಕೂಡಿಕೊಂಡ ಸಂಪರ್ಕ ಕಡಿದುಹೋಗುವುದು ನಿಂತಿತು. ಇಲ್ಲಿ ಟಿಕೆಐಪಿ ಎಂಬ ಹಳೆಯ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಅದರ ಭದ್ರತೆ ದುರ್ಬಲ, ವೇಗವೂ 54 ಎಂಬಿಪಿಎಸ್‌ಗೆ ಕಟ್ಟಿಹಾಕಿದಂತಾಗುತ್ತದೆ.

ಇಷ್ಟಾದರೂ ಪುಟಗಳು ತೆರೆಯದ ದೋಷ ಉಳಿದಿತ್ತು. ಕೇಬಲ್ಲಿನಲ್ಲಿ ಎಲ್ಲವೂ ತೆರೆಯುತ್ತದೆ, ವೈಫೈಯಲ್ಲಿ ಇಲ್ಲ. ಕಮಾಂಡ್ ಕಿಟಕಿಯಲ್ಲಿ 8.8.8.8 ಎಂಬ ಅಂಕಿಯ ವಿಳಾಸಕ್ಕೆ ಪಿಂಗ್ ಮಾಡಿದರೆ, ಅಂದರೆ ಅಲ್ಲಿಗೆ ತಲುಪುತ್ತದೆಯೇ ಎಂದು ನೋಡಿದರೆ, ಉತ್ತರ ಬರುತ್ತಿತ್ತು, ಜಾಲತಾಣದ ಹೆಸರು ಕೊಟ್ಟರೆ ಬರುತ್ತಿರಲಿಲ್ಲ. ದಾರಿ ಸರಿಯಿದೆ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಹಿಂದೆ ಟೆಲಿಫೋನ್ ತಂತಿಯ ಸಂಪರ್ಕವಿದ್ದಾಗ ಯಾರೋ ವೈಫೈ ಅಡಾಪ್ಟರಿನ ಗುಣಲಕ್ಷಣಗಳಲ್ಲಿ ಆ ಸಂಸ್ಥೆಯ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಬರೆದಿಟ್ಟಿದ್ದರು. ಹೊಸ ಸಂಸ್ಥೆಯ ಜಾಲದಿಂದ ಹೋದ ಪ್ರಶ್ನೆಗೆ ಹಳೆಯ ಸಂಸ್ಥೆಯ ಸರ್ವರ್ ಹೆಚ್ಚಿನ ಸಲ ಉತ್ತರಿಸುತ್ತಿರಲಿಲ್ಲ. ಈ ಹೊಂದಾಣಿಕೆ ಪ್ರತಿ ಅಡಾಪ್ಟರಿಗೂ ಪ್ರತ್ಯೇಕವಾಗಿರುವುದರಿಂದ ಕೇಬಲ್ಲಿಗೆ ಅದರ ಬಾಧೆ ತಟ್ಟಿರಲಿಲ್ಲ. ವಿಳಾಸವನ್ನು ತಾನಾಗಿಯೇ ಪಡೆಯುವಂತೆ ಬದಲಿಸಿದ ಕ್ಷಣದಿಂದ ಪುಟಗಳು ತೆರೆದವು. ವೇಗ ರೂಟರಿನ ಹತ್ತಿರ 42 ಎಂಬಿಪಿಎಸ್‌ಗೆ ಏರಿತು. ಒಂದೇ ಆಂಟೆನಾದ ಕಾರ್ಡ್ 20 ಮೆಗಾಹರ್ಟ್ಸ್ ಅಗಲದಲ್ಲಿ ಕಾಗದದ ಮೇಲೆ ಮುಟ್ಟಬಲ್ಲದ್ದು 72, ಆದ್ದರಿಂದ 42 ನ್ಯಾಯವಾದ ಅಂಕಿಯೇ.

ಇನ್ನೊಂದು ದೋಷವನ್ನು ನಾನು ತಿಂಗಳುಗಟ್ಟಲೆ ಸಂಪರ್ಕದ ತಲೆಗೆ ಕಟ್ಟಿದ್ದೆ. ವಿದ್ಯುತ್ ಹೋಗಿ ಬಂದ ದಿನ ಬ್ಯಾಂಕಿನ ತಾಣವೂ ಮಿಂಚಂಚೆಯೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ತೋರಿಸಿ ನಿಂತುಬಿಡುತ್ತಿದ್ದವು. ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಸತ್ತು ವರ್ಷಗಳಾಗಿವೆ, ಒಳಗೆ ಗಡಿಯಾರವನ್ನು ಕಾಯುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯೂ ಬರಿದಾಗಿತ್ತು. ಹೀಗಾಗಿ ಕರೆಂಟು ಹೋದಾಗಲೆಲ್ಲ ಯಂತ್ರದ ದಿನಾಂಕ 2012ರ ಜನವರಿಗೆ ಹಿಂದಿರುಗುತ್ತಿತ್ತು. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಕೊನೆಯ ದಿನಾಂಕವೂ ಇರುತ್ತವೆ. ಯಂತ್ರದ ಪಾಲಿಗೆ ಇನ್ನೂ ಹುಟ್ಟದ ಪ್ರಮಾಣಪತ್ರವನ್ನು ಬ್ರೌಸರ್ ನಂಬುವುದಾದರೂ ಹೇಗೆ? ಸಣ್ಣ ಬ್ಯಾಟರಿ ಬದಲಿಸಿದ ಮೇಲೆ ಆ ತೊಂದರೆ ಮತ್ತೆ ಕಾಣಲಿಲ್ಲ.

ಗೋಡೆಯ ವಿಷಯ ಕರಾವಳಿಯವರಿಗೆ ಮುಖ್ಯ. ನಮ್ಮದು ಮುರಕಲ್ಲಿನ ದಪ್ಪ ಗೋಡೆಯ ಮನೆ. ಚಾವಡಿಯಲ್ಲಿ 42 ಬರುವ ವೈಫೈ ಎರಡು ಗೋಡೆ ದಾಟಿ ಉಪ್ಪರಿಗೆಯ ನನ್ನ ಕೋಣೆ ಸೇರುವಷ್ಟರಲ್ಲಿ 9ಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಕಡಿಮೆ. 5 ಗಿಗಾಹರ್ಟ್ಸ್ ಹಿಡಿಯುವ ಯುಎಸ್‌ಬಿ ಡಾಂಗಲ್ ತಂದು ನೋಡಿದೆ. ಚಾವಡಿಯಲ್ಲಿ ಅದ್ಭುತ, ಉಪ್ಪರಿಗೆಯಲ್ಲಿ ಹೆಸರೂ ಕಾಣದು. ಕೊನೆಗೆ 20 ಮೀಟರ್ ಕ್ಯಾಟ್ 6 ಕೇಬಲ್ಲನ್ನು ಜಂತಿಯ ಅಂಚಿನಲ್ಲಿ ಎಳೆದು ಕೋಣೆಗೆ ತಂದೆ, ಅಂದಿನಿಂದ 94 ಎಂಬಿಪಿಎಸ್ ಕದಲಿಲ್ಲ. ಒಮ್ಮೆ ಮಾತ್ರ, ಎರಡನೆಯ ವರ್ಷ, ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆಯ ಬಣ್ಣದ ತುದಿಗಳು ಮಸುಕಾಗಿ ಸಂಪರ್ಕ ಬಿಟ್ಟು ಬಿಟ್ಟು ಬರತೊಡಗಿತು; ಪ್ಲಗ್ ಕತ್ತರಿಸಿ ಹೊಸದು ಹಾಕಿಸಿದೆ, ಸರಿಹೋಯಿತು.

ಇನ್ನು ಸೇವೆಯ ಬಾಳಿಕೆ. 2024ರ ಜುಲೈಯಲ್ಲಿ ಒಂದು ಮಡಲು ತಂತಿಯ ಮೇಲೆ ಬಿದ್ದು ರೂಟರಿನ ಕೆಂಪು ದೀಪ ಹೊತ್ತಿತು. ಮರುದಿನವೇ ಬಂದು ಬೆಸೆದರು, ದೀಪ ಹಸಿರಾಯಿತು, ಆದರೆ ಸಂಜೆ ಮಳೆ ಜೋರಾದಾಗ ಸಂಪರ್ಕ ಕಡಿಯುತ್ತಿತ್ತು. ರೂಟರಿನ ಪುಟದಲ್ಲಿ ಬೆಳಕಿನ ಬಲವನ್ನು ತೋರಿಸುವ ಸಾಲೊಂದಿರುತ್ತದೆ. ಮೊದಲ ದಿನ ಅದು ಮೈನಸ್ 19 ಡಿಬಿಎಂ ಇದ್ದುದನ್ನು ಬರೆದಿಟ್ಟುಕೊಂಡಿದ್ದೆ. ಬೆಸೆದ ಮೇಲೆ ಮೈನಸ್ 26. ಏಳು ಅಂಕಿಯ ಇಳಿತ ಸಣ್ಣದೆಂದು ತೋರುತ್ತದೆ, ಆದರೆ ಈ ಅಳತೆಯಲ್ಲಿ ಮೂರು ಇಳಿದರೆ ಬೆಳಕು ಅರ್ಧವಾಗುತ್ತದೆ, ಏಳು ಇಳಿದರೆ ಐದನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಇಂಥ ಸಾಧನಗಳು ಸಾಮಾನ್ಯವಾಗಿ ತಾಳಿಕೊಳ್ಳುವ ಮಿತಿ ಮೈನಸ್ 27ರ ಆಸುಪಾಸು. ಈ ಎರಡು ಅಂಕಿಗಳನ್ನು ದೂರಿನಲ್ಲಿ ಬರೆದಾಗ ಯಾರೂ ಲ್ಯಾಪ್‌ಟಾಪಿನ ವಯಸ್ಸು ಕೇಳಲಿಲ್ಲ. ಬಂದು ಮತ್ತೆ ಬೆಸೆದರು, ಮೈನಸ್ 20ಕ್ಕೆ ಬಂತು. ಸಂಪರ್ಕ ಸಿಕ್ಕ ದಿನವೇ ಆ ಸಾಲನ್ನು ಬರೆದಿಟ್ಟುಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಹೇಳಬಯಸುತ್ತೇನೆ. ದೂರು ಕೊಟ್ಟಾಗ ಸಂಖ್ಯೆ ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ದಾರಿಯಿದೆ.

ಸಿಡಿಲಿನ ಭಯ ಹಳೆಯ ಟೆಲಿಫೋನ್ ತಂತಿಯ ಕಾಲಕ್ಕಿಂತ ಕಡಿಮೆಯಾಗಿದೆ, ಏಕೆಂದರೆ ಫೈಬರಿನೊಳಗಿನ ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಮನೆಯ ವಿದ್ಯುತ್ತಿಗೆ ಜೋಡಿಸಿರುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಬರುವ ಕೇಬಲ್ ತಾಮ್ರದ್ದು. ಮೇ ತಿಂಗಳ ಗುಡುಗು ಕೇಳಿದೊಡನೆ ಎರಡನ್ನೂ ಕಳಚಿಡುವುದು ನಮ್ಮ ಮನೆಯ ರೂಢಿಯಾಗಿದೆ. ಉಳಿದಂತೆ ವಿದ್ಯುತ್ ಹೋದ ಹೊತ್ತಿಗೆ ರೂಟರಿಗೊಂದು 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟಿದ್ದೇನೆ, ಮೂರು ಗಂಟೆ ಸಾಕಾಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಈ ಯಂತ್ರದಲ್ಲಿಲ್ಲ. ಹಾಗಾಗಿ ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿದೆ. ಅಂತರ್ಜಾಲದ ಕೆಲಸವೆಲ್ಲ ಅದರಲ್ಲಿ, ನುಡಿಯ ಕಡತಗಳು ವಿಂಡೋಸ್‌ನಲ್ಲಿ, ಆಗ ಕೇಬಲ್ ಕಳಚಿರುತ್ತೇನೆ. ಮಿಂಟಿನಲ್ಲೂ ಕೇಬಲ್ ವೇಗ ಅದೇ 94.

ಸಂಸ್ಥೆಯವರಲ್ಲಿ ನನ್ನ ಬೇಡಿಕೆ ಒಂದೇ. ಹೊಸ ಸಂಪರ್ಕ ಹಾಕುವಾಗ ಮನೆಯವರ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ಕೇಬಲ್ಲಿಗೆ ಸಿಕ್ಕಿಸಿ ನೋಡಿ, ಚಾನಲನ್ನು 11ರೊಳಗೆ ಇಟ್ಟು ಹೊರಡಿ. ಹತ್ತು ನಿಮಿಷದ ಕೆಲಸ ಅದು. ಫೈಬರಿಗೆ ಐದಕ್ಕೆ ನಾಲ್ಕೂವರೆ ಅಂಕ, ಮಳೆಗಾಲದ ದುರಸ್ತಿಗೆ ನಾಲ್ಕು, ದೂರವಾಣಿ ಸೇವೆಗೆ ಎರಡು ಕೊಡುತ್ತೇನೆ. ವೇಗವನ್ನು 300 ಎಂಬಿಪಿಎಸ್‌ಗೆ ಏರಿಸಿಕೊಳ್ಳಿ ಎಂದು ಈಗ ತಿಂಗಳಿಗೊಮ್ಮೆ ಕರೆ ಬರುತ್ತಿದೆ. ನನ್ನ ಪೋರ್ಟ್ 100 ದಾಟುವುದಿಲ್ಲವಾದ್ದರಿಂದ ಬೇಡವೆಂದು ಹೇಳಿ, ಇದೇ ಯೋಜನೆಗೆ ಕಳೆದ ವಾರ ಇನ್ನೊಂದು ವರ್ಷದ ಹಣ ಕಟ್ಟಿದೆ.