ಅಡಗಿಸಿದ ಫೀಲ್ಡ್: ಕಿತ್ತೆಸೆಯೋದಾ, ಎತ್ತಿಡೋದಾ, ಬೀಗ ಹಾಕೋದಾ?

ಒಂದು ಮದುವೆ ಛತ್ರಕ್ಕೆ ಬುಕಿಂಗ್ ಫಾರ್ಮ್ ಮಾಡಿಕೊಟ್ಟಿದ್ದೆ. ಅದರಲ್ಲಿ ‘ಅಡುಗೆ ಯಾರದು?’ ಅಂತ ಒಂದು ಡ್ರಾಪ್‌ಡೌನ್. ‘ಛತ್ರದವರದೇ’ ಅಂದರೆ ಎಷ್ಟು ಎಲೆ, ಬೆಳಗಿನ ತಿಂಡಿ ಏನು ಅನ್ನುವ ಫೀಲ್ಡ್‌ಗಳು ತೆರೆದುಕೊಳ್ಳುತ್ತವೆ. ‘ನಮ್ಮದೇ ಅಡುಗೆಯವರು’ ಅಂದರೆ ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯ ಹೈಡ್ ಆಜ್ಞೆ ಅವನ್ನು ಮರೆಮಾಡುತ್ತದೆ. ಒಬ್ಬರು ಮೊದಲು 400 ಎಲೆ ಅಂತ ತುಂಬಿದರು, ಆಮೇಲೆ ಮನಸ್ಸು ಬದಲಿಸಿ ‘ನಮ್ಮದೇ’ ಅಂತ ಆರಿಸಿ ಕಳಿಸಿದರು. ಬಿಲ್ಲಿನಲ್ಲಿ 400 ಊಟ ಸೇರಿಕೊಂಡಿತ್ತು. ಮ್ಯಾನೇಜರ್ ಫೋನ್ ಮಾಡಿ, “ಏನ್ ಸಾರ್, ಊಟನೇ ಹಾಕದೆ ದುಡ್ಡು ಕೇಳ್ತಿದೆಯಲ್ಲ ನಿಮ್ಮ ಫಾರ್ಮು!” ಅಂದರು.

ತಪ್ಪು ನನ್ನದೇ. ಹೈಡ್ ಮಾಡೋದು ಬರೀ ಕಣ್ಣಿಗೆ. ಹೆಸರಿಲ್ಲದ ಫೀಲ್ಡ್, ಡಿಸೇಬಲ್ ಆದ (ನಿಷ್ಕ್ರಿಯ ಮಾಡಿದ) ಫೀಲ್ಡ್, ಟಿಕ್ ಹಾಕದ ಚೆಕ್‌ಬಾಕ್ಸ್, ಇಂಥವನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಕಾಣದ ಫೀಲ್ಡನ್ನು ಮಾತ್ರ ತಪ್ಪದೆ ಸರ್ವರ್‌ಗೆ ಮುಟ್ಟಿಸುತ್ತದೆ.

ಮೊದಲು ಹಿಡಿದದ್ದು ರಿಮೂವ್, ಅಂದರೆ ಫೀಲ್ಡನ್ನು ಪುಟದಿಂದಲೇ ಕಿತ್ತುಹಾಕುವ ಜೆಕ್ವೆರಿ ಆಜ್ಞೆ. ಸಬ್ಮಿಟ್ ಆಗುವಾಗ ‘ಹಿಡನ್’ ಸೆಲೆಕ್ಟರ್‌ನಿಂದ ಅಡಗಿರುವ ಇನ್‌ಪುಟ್‌ಗಳನ್ನೆಲ್ಲ ಹುಡುಕು, ಕಿತ್ತೆಸೆ. ಎರಡೇ ಸಾಲು, ಭಾರಿ ಖುಷಿ. ಬಟನ್ ಒತ್ತಿದರೆ ಸರ್ವರ್ ಕಡೆಯ ಫ್ರೇಮ್‌ವರ್ಕ್ ಜ್ಯಾಂಗೋ 403 (ಅನುಮತಿ ಇಲ್ಲ) ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿತು. ಯಾಕಂದರೆ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಪುಟದಿಂದಲೇ ಬಂದಿದೆ ಅಂತ ತೋರಿಸುವ ಗುಟ್ಟಿನ ಗುರುತು) ಕೂಡ ಹಿಡನ್ ಟೈಪಿನ ಇನ್‌ಪುಟ್ಟೇ. ಜೆಕ್ವೆರಿ ಅದನ್ನೂ ಅಡಗಿದ್ದು ಅಂತಲೇ ಲೆಕ್ಕ ಹಾಕುತ್ತದೆ. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗಾಯಿತು. ಹಿಡನ್ ಟೈಪನ್ನು ಹೊರಗಿಟ್ಟು ಮತ್ತೆ ಕಳಿಸಿದೆ. ಈ ಸಲ ಹೋಯಿತು, ಆದರೆ ವಧೂವರರ ಹೆಸರೇ ಮಾಯ! ನನ್ನದು ಎರಡು ಹಂತದ ಫಾರ್ಮ್. ಎರಡನೇ ಹಂತಕ್ಕೆ ಬಂದಾಗ ಮೊದಲನೆಯದು ಅಡಗಿರುತ್ತದಲ್ಲ, ಅದೂ ಗುಡಿಸಿಹೋಗಿತ್ತು. ಇದಕ್ಕೆ ತದ್ವಿರುದ್ಧವೂ ಉಂಟು. ಪುಟದ ಅಲಂಕಾರದ ನಿಯಮದಲ್ಲಿ (ಸಿಎಸ್‌ಎಸ್) ವಿಸಿಬಿಲಿಟಿ ಹಿಡನ್ ಅಥವಾ ಒಪಾಸಿಟಿ ಸೊನ್ನೆ ಮಾಡಿ ಮರೆಸಿದ್ದು ಪುಟದಲ್ಲಿ ಜಾಗ ಹಿಡಿದಿರುವುದರಿಂದ ಈ ಸೆಲೆಕ್ಟರ್‌ಗೆ ಸಿಗುವುದೇ ಇಲ್ಲ.

ಹಾಗಾಗಿ ‘ಅಡಗಿರುವುದೆಲ್ಲ’ ಅನ್ನುವುದನ್ನೇ ಬಿಟ್ಟೆ. ಊಟದ ಫೀಲ್ಡ್‌ಗಳಿಗೆ ಒಂದು ಕ್ಲಾಸ್ ಕೊಟ್ಟು ಅವನ್ನಷ್ಟೇ ಕಿತ್ತೆ. ಆಗಲೂ ಒಂದು ತೊಡಕು. ಫೋನ್ ನಂಬರಿನಲ್ಲಿ ಒಂದಂಕಿ ಕಮ್ಮಿ ಇತ್ತು ಅಂತ ನನ್ನದೇ ಸ್ಕ್ರಿಪ್ಟ್ ಸಬ್ಮಿಟ್ ತಡೆಯಿತು. ಅಷ್ಟರಲ್ಲಿ ಫೀಲ್ಡ್ ಹೋಗಿಯಾಗಿತ್ತು. ಗಿರಾಕಿ ಮತ್ತೆ ‘ಛತ್ರದವರದೇ’ ಅಂದರೆ ತೋರಿಸಲು ಏನೂ ಉಳಿದಿರಲಿಲ್ಲ.

ಫೀಲ್ಡನ್ನು ಪುಟದಿಂದ ತೆಗೆದು ಎತ್ತಿಡುವ ಡಿಟ್ಯಾಚ್ ಇದಕ್ಕೇ ಇರುವುದು. ಜೆಕ್ವೆರಿ 1.4ರಿಂದಲೂ ಇದೆ. ಎತ್ತಿಟ್ಟ ಫೀಲ್ಡ್ ತನ್ನ ಡೇಟಾ, ಈವೆಂಟ್‌ಗಳ ಸಮೇತ ಕೈಯಲ್ಲಿರುತ್ತದೆ. ರಿಮೂವ್ ಮಾಡಿದರೆ ಅವೂ ಹೋಗುತ್ತವೆ. ಆದರೆ ಎಲ್ಲಿಂದ ಎತ್ತಿದೆ ಅಂತ ನೆನಪಿಡುವುದು ನಮ್ಮ ಕೆಲಸ. ನಾನು ಒಂದು ಖಾಲಿ ಸ್ಪ್ಯಾನ್ ಗುರುತಿಟ್ಟು ಒದ್ದಾಡಿದೆ. ಅಷ್ಟು ಕಷ್ಟ ಯಾಕೆ ಬೇಕು, ಅಲ್ವಾ?

ಫೀಲ್ಡನ್ನು ಬಿಟ್ಟು, ಅದರಲ್ಲಿ ತುಂಬಿದ್ದನ್ನಷ್ಟೇ ಖಾಲಿ ಮಾಡಿಯೂ ನೋಡಿದೆ. ಫೀಲ್ಡಿನ ಹೆಸರು ಹೇಗೂ ಸರ್ವರ್‌ಗೆ ಹೋಗುತ್ತದೆ, ಸರ್ವರ್ ‘ಇಲ್ಲಿ ಅಂಕಿ ಬೇಕು’ ಅಂತ ರಂಪ ಮಾಡುತ್ತದೆ. ಸುಮ್ನೆ ಟೈಮ್ ದಂಡ.

ಕೊನೆಗೆ ನಿಂತಿದ್ದು ಡಿಸೇಬಲ್ ಹತ್ತಿರ. ಊಟದ ಫೀಲ್ಡ್‌ಗಳನ್ನೆಲ್ಲ ಒಂದು ಫೀಲ್ಡ್‌ಸೆಟ್ಟಿನೊಳಗೆ (ಫೀಲ್ಡ್‌ಗಳ ಗುಂಪು) ಹಾಕಿ, ಜೆಕ್ವೆರಿಯ ಪ್ರಾಪ್‌ನಿಂದ ಅದೊಂದನ್ನೇ ಡಿಸೇಬಲ್ ಮಾಡಿದರೆ ಒಳಗಿನದ್ದಕ್ಕೆಲ್ಲ ಒಂದೇ ಬೀಗ. ತುಂಬಿದ 400 ಅಲ್ಲೇ ಇರುತ್ತದೆ, ಕಳಿಸುವಾಗ ಮಾತ್ರ ಹೋಗುವುದಿಲ್ಲ. ಫಾರ್ಮಿನ ಮಾಹಿತಿ ಒಟ್ಟುಮಾಡುವ ಜೆಕ್ವೆರಿಯ ಸೀರಿಯಲೈಸ್ ಕೂಡ ಅದನ್ನು ಬಿಡುತ್ತದೆ. ರೀಡ್‌ಓನ್ಲಿಯನ್ನೂ (ಓದಬಹುದು, ತಿದ್ದಲಾಗದು) ಇದನ್ನೂ ಒಂದೇ ಅಂದುಕೊಳ್ಳಬೇಡಿ. ರೀಡ್‌ಓನ್ಲಿ ಫೀಲ್ಡ್ ಆರಾಮಾಗಿ ಸರ್ವರ್ ಸೇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು ಬೇರೆಯೇ. ‘ಎಷ್ಟು ಎಲೆ’ ಫೀಲ್ಡಿಗೆ ರಿಕ್ವೈರ್ಡ್ (ತುಂಬಲೇಬೇಕು) ಅಂತ ಇಟ್ಟಿದ್ದೆ. ಅದು ಖಾಲಿಯಿದ್ದು ಅಡಗಿದ್ದರೆ ಬಟನ್ ಒತ್ತಿದಾಗ ಏನೂ ಆಗುತ್ತಿರಲಿಲ್ಲ. ಎರರೂ ಇಲ್ಲ, ಕದಲಿಕೆಯೂ ಇಲ್ಲ. ಕ್ರೋಮ್‌ನ ಕನ್ಸೋಲ್ (ಎರರ್ ಸಂದೇಶಗಳು ಬರುವ ಕಿಟಕಿ) ತೆರೆದಾಗ ಗೊತ್ತಾಯಿತು: ಈ ಫೀಲ್ಡ್ ಸರಿಯಿಲ್ಲ, ಆದರೆ ಅಲ್ಲಿಗೆ ಕರ್ಸರ್ ಒಯ್ಯಲು ಆಗುತ್ತಿಲ್ಲ ಅನ್ನುವ ಅರ್ಥದ ಸಾಲು. ಬ್ರೌಸರಿನ ತಪಾಸಣೆ ನಡೆಯುವುದು ಸಬ್ಮಿಟ್ ಈವೆಂಟಿಗೂ ಮೊದಲು. ಅಲ್ಲೇ ಸಿಕ್ಕಿಹಾಕಿಕೊಂಡರೆ, ಸಬ್ಮಿಟ್ ಆದಾಗ ಓಡುವ ನಮ್ಮ ಹ್ಯಾಂಡ್ಲರ್‌ಗೆ ಸರದಿಯೇ ಬರುವುದಿಲ್ಲ. ಅಲ್ಲಿ ಕೂತು ಕಿತ್ತೆಸೆದರೂ ಅಷ್ಟೇ, ಎತ್ತಿಟ್ಟರೂ ಅಷ್ಟೇ.

ಅದಕ್ಕೇ ಬೀಗ ಹಾಕುವ ಕೆಲಸವನ್ನು ಡ್ರಾಪ್‌ಡೌನ್ ಬದಲಾದಾಗಲೇ ಮುಗಿಸಬೇಕು. ಪುಟ ತೆರೆದಾಗಲೂ ಒಮ್ಮೆ. ಡಿಸೇಬಲ್ ಆದ ಫೀಲ್ಡನ್ನು ಬ್ರೌಸರ್ ತಪಾಸಣೆಯನ್ನೇ ಮಾಡುವುದಿಲ್ಲ. ಹಾಂ, ಟಾಗಲ್ (ಇದ್ದದ್ದನ್ನು ಉಲ್ಟಾ ಮಾಡುವುದು) ಮಾಡಬೇಡಿ. ರಿಲೋಡ್ ಮಾಡಿದರೂ ಫೈರ್‌ಫಾಕ್ಸ್ ಡ್ರಾಪ್‌ಡೌನಿನ ಹಳೆಯ ಆಯ್ಕೆಯನ್ನು ನೆನಪಿಟ್ಟುಕೊಂಡಿರುತ್ತದೆ, ಎಲ್ಲ ಉಲ್ಟಾ ಆಗುತ್ತದೆ. ಡ್ರಾಪ್‌ಡೌನಿನಲ್ಲಿ ಈಗ ಏನಿದೆ ನೋಡಿ, ಅದರ ಪ್ರಕಾರ ಹಾಕಿ ಅಥವಾ ತೆಗೆಯಿರಿ.

ರಿಮೂವ್ ಈಗ ಒಂದೇ ಕಡೆ ಉಳಿದಿದೆ. ‘ಇನ್ನೊಂದು ರೂಮ್ ಬೇಕು’ ಅಂತ ಸೇರಿಸಿದ ಸಾಲಿನ ಪಕ್ಕದ ಇಂಟು ಗುರುತಿನಲ್ಲಿ. ಬೇಡ ಅಂದ ರೂಮ್ ವಾಪಸ್ ಬರಬೇಕಿಲ್ಲವಲ್ಲ. ಜೊತೆಗೆ, ‘ನಮ್ಮದೇ ಅಡುಗೆಯವರು’ ಅಂತ ಬಂದರೆ ಎಲೆಯ ಲೆಕ್ಕವನ್ನು ಸರ್ವರ್‌ನಲ್ಲೂ ಬಿಸಾಕುತ್ತೇನೆ. ಬ್ರೌಸರಿನಲ್ಲಿ ಹಾಕಿದ ಬೀಗವನ್ನು ಯಾರು ಬೇಕಾದರೂ ತೆಗೆಯಬಹುದು.