ಕಠ್ಮಂಡು: ಥಮೇಲ್, ಪಾಟನ್, ಭಕ್ತಪುರ – ಗೆಳೆಯರ ಗುಂಪು ಎಲ್ಲಿ ತಂಗಬೇಕು?

ಕಡಿಮೆ ಖರ್ಚೇ ಮುಖ್ಯವಾದರೆ ಥಮೇಲ್. ಡಾರ್ಮ್ ಹಾಸಿಗೆಗಳು ಇಲ್ಲೇ ಹೆಚ್ಚು, ಪೋಖರಾಕ್ಕೆ ಹೋಗುವ ಟೂರಿಸ್ಟ್ ಬಸ್ಸುಗಳೂ ಬೆಳಿಗ್ಗೆ ಹತ್ತಿರದಿಂದಲೇ ಹೊರಡುತ್ತವೆ. ಆದರೆ ಬೈಕ್ ಹಾರ್ನ್, ತಡರಾತ್ರಿಯ ಬಾರ್ ಸಂಗೀತ ತಪ್ಪದು. ಹಿಂಬದಿಯ ರೂಮು ಕೇಳಿ ಪಡೆಯಿರಿ.

ನಿದ್ದೆ ಬೇಕಿದ್ದರೆ ಬಾಗ್ಮತಿ ನದಿಯ ಆಚೆಯ ಪಾಟನ್ ಲೇಸು. ನಾಲ್ವರಿದ್ದರೆ ಥಮೇಲ್‌ಗೆ ಟ್ಯಾಕ್ಸಿ ಬಾಡಿಗೆ ಹಂಚಿಕೊಂಡರೆ ಹಗುರಾಗುತ್ತದೆ. ಚಾಲಕರು ಮೀಟರ್ ಹಾಕಲು ಒಪ್ಪುವುದು ಕಡಿಮೆ, ಬೈಕ್, ಟ್ಯಾಕ್ಸಿ ಬುಕ್ ಮಾಡುವ ಪಠಾವೋ ಆ್ಯಪ್‌ನಲ್ಲಿ ದರ ನೋಡಿ ಚೌಕಾಸಿಗಿಳಿಯಿರಿ.

ಭಕ್ತಪುರ ಪೂರ್ವಕ್ಕೆ ಸುಮಾರು 13 ಕಿ.ಮೀ. ಹಳೇ ಊರಿಗೆ ಪ್ರವೇಶ ಟಿಕೆಟ್ ಉಂಟು. ಭಾರತೀಯರಿಗೆ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ದರ, ಗುರುತಿನ ಚೀಟಿ ತೋರಿಸಬೇಕು. ಹಲವು ದಿನ ಉಳಿಯುವುದಾದರೆ ಮೊದಲ ದಿನವೇ ಅವಧಿ ವಿಸ್ತರಿಸಿಕೊಳ್ಳಿ, ಇಲ್ಲವಾದರೆ ಮತ್ತೆ ದುಡ್ಡು. ಕತ್ತಲಾದ ಮೇಲೆ ಬಸ್ ವಿರಳ. ದಿನದ ಪ್ರವಾಸಿಗರು ಹೋದ ಬಳಿಕ ಚೌಕಗಳು ನಿಮ್ಮವೇ, ಫೋಟೊ ಹುಚ್ಚಿನವರಿಗೆ ಬೇರೆ ಆಯ್ಕೆ ಬೇಡ. ಸಸ್ಯಾಹಾರಿಗಳು ಮೊಮೊಗೆ ಮೊದಲು ‘ವೆಜ್’ ಎಂದು ಕೇಳಲೇಬೇಕು, ಎಮ್ಮೆ ಮಾಂಸ ಸಾಮಾನ್ಯ.

ಎಲ್ಲಿದ್ದರೂ ಲೆಕ್ಕ ಒಂದೇ: 100 ಭಾರತೀಯ ರೂಪಾಯಿಗೆ 160 ನೇಪಾಳಿ. ವಿಮಾನದಲ್ಲಿ ಹೋಗುವವರಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇರಲಿ.